ಉಪ್ಪಿನ ಬಯಲಿನಾಚೆ ಧೋಲಾವೀರ

ಕೇಳುಗರಿಗೆ ನಮಸ್ಕಾರ.

ಹಾಳುಬಿದ್ದ ಗೋಡೆ, ಒಡೆದ ಕಮಾನು, ಹೂಳು ತುಂಬಿದ ಬಾವಡಿ ಎಂಬ ಮೆಟ್ಟಿಲುಬಾವಿ ವಿಜಯಪುರದವರಾದ ನಮಗೆ ಹೊಸವಲ್ಲ. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ಹರಿದುಬಂದ ನೀರಿನ ಒತ್ತಡವನ್ನು ತಗ್ಗಿಸಿ ಊರಿಗೆ ಹಂಚುತ್ತಿದ್ದ ಆದಿಲಶಾಹಿ ಕಾಲದ ಗಂಜ್‌ಗಳು ಇಂದಿಗೂ ನಮ್ಮ ಓಣಿಗಳ ನಡುವೆ ನಿಂತಿವೆ. ಮಳೆನೀರನ್ನು ಜತನದಿಂದ ಹಿಡಿದಿಟ್ಟು ಬಾಳಿದ ಪುರಾತನ ಪಟ್ಟಣ, ಗುಜರಾತಿನ ಕಚ್ಛದಲ್ಲಿರುವ ಧೋಲಾವೀರವನ್ನು ನೋಡಿ ಬನ್ನಿರೆಂದು ನಮ್ಮ ಭಾಗದವರಿಗೆ ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಮಳೆ ಕೈಕೊಟ್ಟ ವರ್ಷದ ಕಷ್ಟವನ್ನು ಬಲ್ಲವರಿಗೆ ಆ ಊರು ಬೇಗ ಅರ್ಥವಾಗುತ್ತದೆ.

ಧೋಲಾವೀರವಿರುವುದು ಮಹಾ ರಣ ಎಂದು ಕರೆಯುವ ವಿಶಾಲ ಉಪ್ಪುನೆಲದ ನಡುವೆ ದ್ವೀಪದಂತೆ ಎದ್ದಿರುವ ಖಡೀರ್ ಎಂಬ ದಿನ್ನೆಯಲ್ಲಿ. ಭುಜ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಖಾವಡಾ ದಾಟಿದರೆ, ರಣವನ್ನು ಸೀಳಿಕೊಂಡು ಸಾಗುವ ಸುಮಾರು 30 ಕಿಲೋಮೀಟರ್ ರಸ್ತೆ ಸಿಗುತ್ತದೆ. ಮಳೆಗಾಲದಲ್ಲಿ ಅದರ ಎರಡೂ ಬದಿಗೆ ನೀರು ನಿಂತಿರುತ್ತದೆ. ಚಳಿಗಾಲದಲ್ಲಿ ಅದೇ ನೀರು ಆರಿ, ಕಣ್ಣು ಕುಕ್ಕುವಷ್ಟು ಬಿಳಿಯ ಉಪ್ಪಾಗಿರುತ್ತದೆ. ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಕಾಲವೇ ಪ್ರಯಾಣಕ್ಕೆ ತಕ್ಕದ್ದು. ನಮ್ಮ ಬಿಸಿಲಿಗೆ ಒಗ್ಗಿದವರೆಂಬ ಧೈರ್ಯದಿಂದ ಏಪ್ರಿಲ್‌ನಲ್ಲಿ ಹೊರಡುವ ಸಾಹಸ ಬೇಡ.

ಊರವರು ಕೋಟಡಾ ಎಂದು ಕರೆಯುತ್ತಿದ್ದ ಈ ದಿಬ್ಬವನ್ನು ಪುರಾತತ್ತ್ವಜ್ಞ ಜಗತ್‌ಪತಿ ಜೋಶಿಯವರು 1960ರ ದಶಕದಲ್ಲಿ ಗುರುತಿಸಿದರು. 1990ರ ಸುಮಾರಿನಿಂದ ಆರ್. ಎಸ್. ಬಿಷ್ಟ್ ಅವರ ನೇತೃತ್ವದಲ್ಲಿ ವರ್ಷಗಟ್ಟಲೆ ಉತ್ಖನನ ನಡೆದು, ಕ್ರಿಸ್ತಪೂರ್ವ 3000ದಿಂದ 1500ರವರೆಗೆ ಬಾಳಿದ ಹರಪ್ಪಾ ನಾಗರಿಕತೆಯ ಪಟ್ಟಣವೊಂದು ಬೆಳಕಿಗೆ ಬಂದಿತು. 2021ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಲ್ಲಿಗೆ ಹೋದ ಬಹುತೇಕರು ನೇರವಾಗಿ ಕೋಟೆಯ ದಿಬ್ಬವನ್ನು ಏರುತ್ತಾರೆ. ಮೊದಲು ಜಲಾಶಯಗಳನ್ನು ನೋಡಬೇಕೆಂಬುದು ನನ್ನ ಸಲಹೆ. ಪಟ್ಟಣದ ಉತ್ತರಕ್ಕೆ ಮಾನಸರ್, ದಕ್ಷಿಣಕ್ಕೆ ಮನಹರ್ ಎಂಬ ಎರಡು ಹಳ್ಳಗಳಿವೆ. ಮಳೆ ಬಂದಾಗ ಮಾತ್ರ ಹರಿಯುತ್ತವೆ. ಅವುಗಳಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿ, ನೀರನ್ನು ತಿರುಗಿಸಿ, ನೆಲದ ಸಹಜ ಇಳಿಜಾರನ್ನೇ ಬಳಸಿಕೊಂಡು ಕೋಟೆಗೋಡೆಯ ಒಳಗಿನ ಸಾಲು ಜಲಾಶಯಗಳಿಗೆ ತುಂಬಿಸುವ ವ್ಯವಸ್ಥೆಯನ್ನು ಆ ಜನ ಮಾಡಿಕೊಂಡಿದ್ದರು. ಪೂರ್ವದ ಜಲಾಶಯವೊಂದೇ ಸುಮಾರು 73 ಮೀಟರ್ ಉದ್ದ, 29 ಮೀಟರ್ ಅಗಲವಿದೆ. ಅದರ ಮೂಲೆಯ ಮೆಟ್ಟಿಲುಗಳು ತಳದವರೆಗೂ ಇಳಿಯುತ್ತವೆ. ನೀರು ಎಷ್ಟೇ ಕೆಳಗಿಳಿದರೂ ಕೊಡ ತುಂಬಿಕೊಳ್ಳಲು ತೊಂದರೆಯಾಗಬಾರದೆಂಬ ಎಚ್ಚರಿಕೆ ಅದರಲ್ಲಿದೆ. ನಮ್ಮ ವಿಜಯಪುರದ ತಾಜ್ ಬಾವಡಿಯ ಮೆಟ್ಟಿಲುಗಳನ್ನು ಕಂಡವರಿಗೆ ಈ ಎಚ್ಚರಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೋಟೆಯ ಮೇಲೆ ಕಲ್ಲು ಕಟ್ಟಿದ ದೊಡ್ಡ ಬಾವಿಯಿದೆ. ಅದರ ಅಂಚಿನ ಕಲ್ಲನ್ನು ಬಗ್ಗಿ ನೋಡಿದರೆ, ಸೇದುವ ಹಗ್ಗ ಉಜ್ಜಿ ಉಜ್ಜಿ ಮೂಡಿದ ಗೀರುಗಳು ಸ್ಪಷ್ಟವಾಗಿ ಕಾಣುತ್ತವೆ. ಅದರ ಆಸುಪಾಸಿನಲ್ಲಿ, ಕೋಟೆಯ ಮೇಲೆ ಸುರಿದ ಮಳೆಯನ್ನೂ ಪೋಲಾಗಲು ಬಿಡದೆ ಒಯ್ಯುತ್ತಿದ್ದ ಕಲ್ಲು ಚಪ್ಪಡಿಯ ಕಾಲುವೆಗಳಿವೆ. ಕೆಲವು ಕಡೆ ಮನುಷ್ಯ ಒಳಹೊಕ್ಕು ನಡೆಯುವಷ್ಟು ಎತ್ತರವಾಗಿವೆ. ಉತ್ತರದ ಬಾಗಿಲಿನ ಪಕ್ಕದ ಕೋಣೆಯಲ್ಲಿ ಹತ್ತು ದೊಡ್ಡ ಅಕ್ಷರಗಳ ನಾಮಫಲಕವೊಂದು ದೊರೆಯಿತು. ಅದರ ಮರದ ಹಲಗೆ ಮಣ್ಣಾಗಿ, ಹಲಗೆಗೆ ಕೂರಿಸಿದ್ದ ಜಿಪ್ಸಂ ತುಣುಕುಗಳಷ್ಟೇ ಉಳಿದಿದ್ದವು. ಆ ಲಿಪಿಯನ್ನು ಇದುವರೆಗೆ ಯಾರೂ ಓದಿಲ್ಲವಾದ್ದರಿಂದ, ಅಲ್ಲಿ ಅರ್ಥ ಹೇಳಲು ಮುಂದಾಗುವ ಮಾರ್ಗದರ್ಶಿಯ ಮಾತನ್ನು ನಕ್ಕು ಕೇಳಿದರೆ ಸಾಕು.

ಇಷ್ಟೆಲ್ಲ ಕಟ್ಟಿದವರೂ ಕೊನೆಗೆ ಊರು ಬಿಟ್ಟರು. ಹವೆ ಒಣಗುತ್ತ ಬಂದು, ಕಡಲ ವ್ಯಾಪಾರವೂ ಕುಗ್ಗಿದ್ದರಿಂದ ಹೀಗಾಯಿತೆಂಬುದು ಹಲವು ಸಂಶೋಧಕರ ಅಭಿಪ್ರಾಯ. ಕಡೆಯ ಹಂತದಲ್ಲಿ ಅಲ್ಲಿ ನೆಲೆಸಿದವರು ಹಳೆಯ ಪಟ್ಟಣದ ಯೋಜನೆಯನ್ನೇ ಕೈಬಿಟ್ಟು, ದುಂಡಗಿನ ಸಣ್ಣ ಮನೆಗಳಲ್ಲಿ ವಾಸಿಸಿದ್ದರು. ಅವುಗಳ ತಳಪಾಯವನ್ನು ಸ್ಥಳದಲ್ಲಿಯೇ ನೋಡಬಹುದು.

ಬಿಳಿ ರಣದ ಸೊಬಗಿಗೆಂದು ಬಂದವರು ಇಲ್ಲಿ ಅರ್ಧ ತಾಸು ನಿಂತು, ಫೋಟೊ ತೆಗೆದು ಹೊರಟುಬಿಡುತ್ತಾರೆ. ನೀವು ಮಾತ್ರ ಇಡೀ ಒಂದು ಮುಂಜಾನೆಯನ್ನು ಇದಕ್ಕೆಂದೇ ತೆಗೆದಿಡಿ. ದಿಬ್ಬದ ಮೇಲೆ ನೆರಳಿಲ್ಲ. ತಲೆಗೆ ಟವೆಲ್ಲು, ಕೈಯಲ್ಲಿ ಕುಡಿಯುವ ನೀರು ಇರಲೇಬೇಕು.

ನಮಸ್ಕಾರ.