ಎಳೆಯರ ಕಲಿಕೆ ಮತ್ತು ನಮ್ಮ ಅವಸರ

ಮೈಸೂರಿನ ಈ ಸಭೆಗೆ ಬಂದಿರುವ ಅಂಗನವಾಡಿ ಕಾರ್ಯಕರ್ತೆಯರೇ, ತಾಯ್ತಂದೆಯರೇ,

ಕಳೆದ ತಿಂಗಳು ಮಂಡ್ಯದ ಬಳಿಯ ಒಂದು ಅಂಗನವಾಡಿಯಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಅಳಿಗುಳಿಮಣೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. 14 ಗುಳಿಗಳು, ಎಣಿಸಿಕೊಟ್ಟ 14 ಹುಣಸೆ ಬೀಜಗಳು. ಗುಳಿಗೊಂದರಂತೆ ಹಾಕುತ್ತಾ ಹೋದವಳಿಗೆ ಕೊನೆಯ ಗುಳಿ ಬರಿದಾಗಿ ಉಳಿಯಿತು. ಕಾರ್ಯಕರ್ತೆಯತ್ತ ನೋಡಿದಳು, ಆಕೆ ನಕ್ಕರೇ ಹೊರತು ಏನೂ ಹೇಳಲಿಲ್ಲ. ಹುಡುಗಿ ಒಂದೊಂದೇ ಗುಳಿಯನ್ನು ಬೆರಳಿನಿಂದ ತಡವುತ್ತಾ ಬಂದು, ಎರಡು ಬೀಜ ಬಿದ್ದಿದ್ದ ಗುಳಿಯನ್ನು ತಾನೇ ಪತ್ತೆ ಮಾಡಿದಳು. ಆಮೇಲೆ ಎಲ್ಲವನ್ನೂ ನೆಲಕ್ಕೆ ಸುರಿದುಕೊಂಡು ಮತ್ತೆ ಮೊದಲಿನಿಂದ ಹಾಕತೊಡಗಿದಳು. ನಾನು ಎದ್ದುಬರುವ ಹೊತ್ತಿಗೆ ಅದು ಆರನೆಯ ಸಲ.

ತಪ್ಪು ತೋರಿಸುವ ಕೆಲಸವನ್ನು ಇಲ್ಲಿ ಮಣೆಯೇ ಮಾಡಿತು. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ ಅವರು 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ತೆರೆದ ಮಕ್ಕಳ ಮನೆಯಿಂದ ಬೆಳೆದ ಪದ್ಧತಿಯ ಜೀವಾಳವೂ ಇದೇ. ಅವರ ಮರದ ದಿಮ್ಮಿಯಲ್ಲಿ ಬೇರೆ ಬೇರೆ ಅಳತೆಯ 10 ಕುಳಿಗಳಿಗೆ ಅದೇ ಅಳತೆಯ 10 ಸಿಲಿಂಡರ್‌ಗಳು. ಒಂದು ತಪ್ಪಿ ಕೂತರೆ ಮತ್ತೊಂದಕ್ಕೆ ಜಾಗ ಸಿಗದು.

ಆದರೆ ರೋಮ್‌ವರೆಗೆ ಹೋಗಬೇಕಾಗಿಲ್ಲ. ಸರ್ಕಾರಿ ಶಾಲೆಗಳ ಮೊದಲ ತರಗತಿಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿದ್ದು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದ ಸರ್ಕಾರಿ ಶಿಕ್ಷಕರ ಕೈಯಲ್ಲಿ. ಕಲಿಕೆಯ ಕಾರ್ಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಅದರ ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ತನ್ನದೇ ಮೆಟ್ಟಿಲು. ಜ್ವರಕ್ಕೋ ಜಾತ್ರೆಗೋ ವಾರವಿಡೀ ಶಾಲೆ ತಪ್ಪಿಸಿದ ಮಗು, ಮರಳಿ ಬಂದಾಗ ತಾನು ಬಿಟ್ಟಿದ್ದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಅಕ್ಷರಗಳನ್ನೂ ಅಲ್ಲಿ ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರ ತಿಳಿದರೆ ಅರಸ, ಅಗಸ, ಗರಗಸ, ನಮ್ಮೂರಿನ ದಸರ ಎಲ್ಲವನ್ನೂ ಮಗು ಓದಬಲ್ಲದು. ಓದಿದ್ದೇನೆಂಬ ಹಿಗ್ಗೇ ಅದನ್ನು ಮುಂದಿನ ಕಾರ್ಡಿಗೆ ಕೊಂಡೊಯ್ಯುತ್ತದೆ.

ಆರು ವರ್ಷದ ಮಗುವಿಗೆ ಕೊಟ್ಟ ಈ ಬಿಡುವನ್ನು ಮೂರು ವರ್ಷದ ಮಗುವಿಗೆ ಏಕೆ ನಿರಾಕರಿಸುತ್ತಿದ್ದೇವೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಕರೆದಿದೆ. ಎಲ್‌ಕೆಜಿಯ ಕಾಪಿ ಪುಸ್ತಕ ಮಾತ್ರ ಬೇರೆಯದನ್ನೇ ಹೇಳುತ್ತದೆ. ನನ್ನ ಮಗ ಮೂರೂವರೆ ವರ್ಷದವನಾಗಿದ್ದಾಗ ಅವನ ಕೈಹಿಡಿದು ಪುಟಗಟ್ಟಲೆ ತಿದ್ದಿಸಿದೆ. ಬೆರಳು ನೋಯುತ್ತದೆಂದು ಅವನು ಅತ್ತಾಗ ಹಟವೆಂದು ತಿಳಿದೆ. ಪೆನ್ಸಿಲ್ ಹಿಡಿಯುವ ಬಲ ಆ ಪುಟ್ಟ ಬೆರಳುಗಳಿಗೆ ಬರುವುದು ಮಣ್ಣು ಕಲಸಿ, ಅವರೆಕಾಯಿ ಸುಲಿದು, ಹೂ ಪೋಣಿಸಿದ ಮೇಲೆ ಎಂಬುದು ನನಗೆ ತಡವಾಗಿ ಅರ್ಥವಾಯಿತು.

ಮಗುವಿನ ಪಾಡಿಗೆ ಮಗುವನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಆ ಕಾರ್ಯಕರ್ತೆ ಸುಮ್ಮನಿದ್ದರು, ನಿಜ. ಆದರೆ ಬೀಜಗಳನ್ನು ಸರಿಯಾಗಿ 14 ಎಣಿಸಿಟ್ಟವರು ಅವರೇ, ಹುಡುಗಿ ಬೀಜವನ್ನು ಬಾಯಿಗೆ ಹಾಕದಂತೆ ಕಣ್ಣಿಟ್ಟಿದ್ದವರೂ ಅವರೇ. ‘ಇವತ್ತು ಏನು ಬರೆಸಿದಿರಿ?’ ಎಂದು ಅಂಥವರನ್ನು ಕೇಳುವ ತಾಯ್ತಂದೆಯರಲ್ಲಿ ನನ್ನದೊಂದು ವಿನಂತಿ: ನಾಳೆ ಮಗುವನ್ನು ಕರೆದೊಯ್ಯಲು ಹತ್ತು ನಿಮಿಷ ಮೊದಲೇ ಬನ್ನಿ, ಕರೆಯದೆ ಬಾಗಿಲ ಬಳಿ ಕುಳಿತು ನೋಡಿ.