ಡ್ರಿಫ್ಟ್‌ವುಡ್ (ಅಲಂಕಾರಕ್ಕೆ ಇಡೋ ಒಣ ಮರ) ಹಾಕಿದ್ಮೇಲೆ ಮೀನಿನ ಟ್ಯಾಂಕ್ ನೀರು ಟೀ ಕಲರ್ ಆಗ್ತಿದ್ಯಾ? ಮರನ ಹಿಂಗೆ ರೆಡಿ ಮಾಡ್ಕೊಳ್ಳಿ

ನಮಸ್ಕಾರ ಎಲ್ರಿಗೂ, ಮೊದ್ಲು ಈ ಬಕೆಟ್ ನೋಡಿ.

(ಬಿಳಿ ಬಕೆಟ್ ಹತ್ತಿರದಿಂದ)

ನಿನ್ನೆ ರಾತ್ರಿ ಇದ್ರಲ್ಲಿ ಇದ್ದಿದ್ದು ನಮ್ಮ ಮೈಸೂರಿನ ನಲ್ಲಿ ನೀರು, ಒಂದು ಮರದ ಬೇರು, ಅಷ್ಟೇ. ಬೆಳಗ್ಗೆ ಎದ್ದು ನೋಡಿದ್ರೆ ಡಿಕಾಕ್ಷನ್ ಆಗಿದೆ.

ಮೊದಲನೇ ಸಲ ಟ್ಯಾಂಕ್ ಇಟ್ಟಾಗ ನಾನು ಮರ ತಂದೆ, ನಲ್ಲಿ ಕೆಳಗೆ ತೊಳ್ದೆ, ಸೀದಾ ಒಳಗಿಟ್ಟೆ. ಮೂರು ದಿನಕ್ಕೆ ನೀರು ಕಂದು ಬಣ್ಣ. ಗಾಬರಿಯಾಗಿ ಅಷ್ಟೂ ನೀರು ಖಾಲಿ ಮಾಡಿ, ಫಿಲ್ಟರ್ ಸ್ಪಾಂಜ್‌ನೂ ನಲ್ಲಿ ನೀರಲ್ಲೇ ಹಿಂಡಿ, ಹೊಸ ನೀರು ತುಂಬ್ಸಿದೆ, ವಾರ ಕಳೆಯೋದ್ರೊಳಗೆ ಐದು ಟೆಟ್ರಾ ಮೀನು ಸತ್ತೋಗ್ಬಿಟ್ವು. ಕಂದು ನೀರಲ್ಲಿ ಅವು ಆರಾಮಾಗೇ ಇದ್ವು. ನೀರೆಲ್ಲ ಒಂದೇ ಸಲ ಬದಲಾಯಿಸಿ, ಕ್ಲೋರಿನ್ ಇರೋ ನಲ್ಲಿ ನೀರಲ್ಲಿ ಫಿಲ್ಟರ್‌ನಲ್ಲಿದ್ದ, ಮೀನಿನ ಗಲೀಜು ಒಡೆಯೋ ಒಳ್ಳೆ ಬ್ಯಾಕ್ಟೀರಿಯಾನೂ ಕೊಂದು ಹಾಕಿದ್ದೆ ನಾನು. ಇವತ್ತಿಗೂ ಬೇಜಾರಾಗುತ್ತೆ, ಅದಕ್ಕೇ ಈ ವಿಡಿಯೋ.

ಈ ಬಣ್ಣ ಟ್ಯಾನಿನ್‌ದು. ಅಡಿಕೆ ಬೇಯ್ಸಿದಾಗ ಚೊಗರು ಬಿಡುತ್ತಲ್ಲ, ಚರ್ಮ ಹದ ಮಾಡೋಕೆ ತಂಗಡಿ ತೊಗಟೆ ಹಾಕ್ತಾರಲ್ಲ, ಅದೇ ಒಗರು ಇದು. ದಕ್ಷಿಣ ಅಮೆರಿಕದ ರಿಯೊ ನೆಗ್ರೊ ನದಿ ಇರೋದೇ ಈ ಬಣ್ಣ, ಕಾರ್ಡಿನಲ್ ಟೆಟ್ರಾ ಹುಟ್ಟೋದೇ ಅಂಥ ನೀರಲ್ಲಿ. ಬೆಟ್ಟಾ ಮೀನು ಸಾಕೋರು ಇದೇ ಟ್ಯಾನಿನ್‌ಗೋಸ್ಕರ ಕಾಡು ಬಾದಾಮಿ ಎಲೆ ದುಡ್ಡು ಕೊಟ್ಟು ತಗೋತಾರೆ. ಪಿಎಚ್ ಸ್ವಲ್ಪ ಇಳಿಯುತ್ತೆ, ಅಂದ್ರೆ ನೀರು ಒಂಚೂರು ಆಮ್ಲೀಯ ಆಗುತ್ತೆ, ಮಂಡ್ಯ ಕಡೆ ಗಡಸು ಬೋರ್ ನೀರು ಹಾಕೋರಿಗೆ ಅದೂ ಅಷ್ಟಾಗಿ ಗೊತ್ತಾಗಲ್ಲ. ಆದ್ರೆ ನೀರು ಹಾಲಿನ ಥರ ಬೆಳ್ಳಗಾದ್ರೆ, ಇಲ್ಲಾ ಕೊಳೆತ ವಾಸನೆ ಬಂದ್ರೆ ಅದು ಬೇರೆ ಕಥೆ, ಅದು ಟ್ಯಾನಿನ್ ಅಲ್ಲ.

ಈಗ ಮರ. ಇದು ಕೊಡಗಿಂದ ಫ್ರೆಂಡ್ ಒಬ್ರು ತಂದ್ಕೊಟ್ಟ ಹಳೇ ಕಾಫಿ ಗಿಡದ ಬೇರು. ಪೂರ್ತಿ ಒಣಗಿರ್ಬೇಕು, ಹಸಿ ಮರ, ಅಂಟು ಬರೋ ಮರ ಬೇಡ. ಕಾಫಿ ತೋಟದಲ್ಲಿ ಬೋರ್ಡೋ ದ್ರಾವಣ ಹೊಡೀತಾರೆ, ಅದ್ರಲ್ಲಿ ಮೈಲುತುತ್ತ ಇರುತ್ತೆ, ಅಂದ್ರೆ ತಾಮ್ರ, ಶ್ರಿಂಪ್‌ಗೆ (ಟ್ಯಾಂಕಲ್ಲಿ ಸಾಕೋ ಸಣ್ಣ ಸಿಗಡಿ), ಬಸವನಹುಳಕ್ಕೆ ಅದು ವಿಷ. ಅದಕ್ಕೆ ತೊಗಟೆ ಒಂಚೂರೂ ಬಿಡ್ದೆ ಕೆರೆದು ತೆಗೀರಿ, ಶ್ರಿಂಪ್ ಟ್ಯಾಂಕಿಗಂತೂ ತೋಟದ ಮರ ನಾನು ಹಾಕಲ್ಲ. ಹಂಗೇ ರಂಗನತಿಟ್ಟು ಕಡೆ ಹೋದಾಗ ಅಲ್ಲಿಂದ ಎತ್ಕೊಂಡು ಬರಬೇಡಿ, ಅದು ಪಕ್ಷಿಧಾಮ.

ಗಟ್ಟಿ ಬ್ರಷ್ ತಗೊಂಡು ಉಜ್ಜಿ. ಸೋಪು, ಪಾತ್ರೆ ಲಿಕ್ವಿಡ್ ಮುಟ್ಟಿಸ್ಲೇಬೇಡಿ, ಮರ ಅದನ್ನ ಹೀರ್ಕೊಂಡು ಆಮೇಲೆ ಟ್ಯಾಂಕಲ್ಲಿ ಬಿಡುತ್ತೆ. ಬ್ಲೀಚ್ ಹಾಕೋರಿದ್ದಾರೆ, ಅದೇ ಭಯಕ್ಕೆ ನಾನು ಹಾಕಲ್ಲ.

(ಒಲೆ ಮೇಲೆ ಸ್ಟೀಲ್ ಡಬರಿ)

ಆಮೇಲೆ ಕುದಿಸ್ಬೇಕು, ಒಂದರಿಂದ ಎರಡು ಗಂಟೆ. ಮನೇಲಿ ಸ್ನಾನದ ತಾಮ್ರದ ಹಂಡೆ ಇದೆ, ದೊಡ್ಡದಿದೆ, ಮರ ಹಿಡಿಸುತ್ತೆ ಅಂತ ಅದ್ರಲ್ಲಿ ಹಾಕ್ಬೇಡಿ, ಈಗ್ತಾನೆ ತಾಮ್ರದ ವಿಷಯ ಹೇಳಿದ್ನಲ್ಲ. ಕಪ್ಪಾದ ನೀರು ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ಕುದಿಸಿ. ಈ ಬೇರಿಗೆ ನಾಲ್ಕು ಸಲ ಆಯ್ತು. ಪಾತ್ರೇಲಿ ಹಿಡಿಸ್ದೇ ಇರೋ ದೊಡ್ಡ ಮರ ಆದ್ರೆ ಟಬ್ಬಲ್ಲಿಟ್ಟು ಮೇಲಿಂದ ಕುದಿಯೋ ನೀರು ಹುಯ್ದು ನೆನೆಹಾಕಿ.

ಕುದಿಸಿದ್ರೆ ಮುಗೀತು ಅನ್ಕೊಂಡೋರಿಗೇ ಮತ್ತೆ ಕಂದು ನೀರು ಬರೋದು. ಇನ್ನೂ ಒಂದೆರಡು ವಾರ ಬಕೆಟ್‌ನಲ್ಲಿ ಮುಳುಗ್ಸಿಡಿ, ದಿನ ಬಿಟ್ಟು ದಿನ ನೀರು ಬದಲಾಯಿಸಿ. ಬಿಳಿ ಬಕೆಟ್ಟೇ ಯಾಕೆ ಅಂದ್ರೆ ಬಣ್ಣ ಎಷ್ಟು ಇಳೀತು ಅಂತ ಕಣ್ಣಿಗೆ ಕಾಣುತ್ತೆ. ರಾತ್ರಿ ಹಾಕಿದ ನೀರು ಬೆಳಗ್ಗೆ ಹೆಚ್ಚೂಕಮ್ಮಿ ತಿಳಿಯಾಗೇ ಇದ್ರೆ ಟ್ಯಾಂಕಿಗೆ ರೆಡಿ.

ಇನ್ನೂ ತೇಲ್ತಿದ್ರೆ ಗ್ರಾನೈಟ್ ತುಂಡಿಗೆ ಕಟ್ಟಿ. ಕಡಪ ಕಲ್ಲು ಬೇಡ, ಅದು ಸುಣ್ಣದ ಕಲ್ಲಿನ ಜಾತಿ, ನೀರು ಇನ್ನೂ ಗಡಸಾಗುತ್ತೆ.

ಟ್ಯಾಂಕಿಗೆ ಹಾಕಿದ್ಮೇಲೂ ಲೈಟಾಗಿ ಬಣ್ಣ ಬಂದ್ರೆ ಫಿಲ್ಟರ್‌ನಲ್ಲಿ ಆಕ್ಟಿವೇಟೆಡ್ ಕಾರ್ಬನ್ (ಬಣ್ಣ ಹೀರೋ ಇದ್ದಿಲು) ಇಡಿ, ಮೂರ್ನಾಲ್ಕು ವಾರಕ್ಕೆ ಅದನ್ನ ಬದಲಾಯಿಸ್ಬೇಕು. ವಾರಕ್ಕೊಂದ್ಸಲ ಕಾಲು ಭಾಗ ನೀರು ತೆಗೆದು, ಕ್ಲೋರಿನ್ ಬಿಡಿಸಿದ ನೀರು ಹಾಕಿ, ಕಾಲು ಭಾಗ ಮಾತ್ರ.

ಇನ್ನೊಂದು, ಹೊಸ ಮರದ ಮೇಲೆ ಬೆಳ್ಳಗೆ ಲೋಳೆ ಥರ ಬರುತ್ತೆ. ಅದನ್ನ ನೋಡಿ ಮರ ಕಿತ್ತು ಹೊರಗೆ ಹಾಕ್ಬೇಡಿ. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಇಲ್ಲಾ ಹಂಗೇ ಬಿಡಿ, ಬಸವನಹುಳ ಶ್ರಿಂಪ್ ಇದ್ರೆ ಅವೇ ತಿನ್ಕೋತವೆ, ಕೆಲವು ವಾರದಲ್ಲಿ ತಾನಾಗೇ ಹೋಗುತ್ತೆ.