ಅಕ್ಕಪಕ್ಕದ ಉಪದ್ರವ, ಬೀದಿಯ ಕಳ್ಳತನ: ನಾವು ಎಲ್ಲಿಯವರೆಗೆ ಕೈಹಾಕಬೇಕು?

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ಈ ವಿಷಯ ಎತ್ತಿದ ಕೂಡಲೇ ಎರಡು ಬಗೆಯ ಮಾತು ಕೇಳಿಬರುತ್ತದೆ. "ಅದೆಲ್ಲ ಪೊಲೀಸರ ಕೆಲಸ, ನಮಗೇಕೆ ಊರ ಉಸಾಬರಿ" ಎನ್ನುವವರು ಒಂದು ಕಡೆ. "ಪೊಲೀಸರು ಬರುವಷ್ಟರಲ್ಲಿ ಕಳ್ಳ ಊರು ದಾಟಿರುತ್ತಾನೆ, ನಾವೇ ಹಿಡಿದು ನಾಲ್ಕು ಬಿಗಿಯಬೇಕು" ಎನ್ನುವವರು ಇನ್ನೊಂದು ಕಡೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಾಗರಿಕರು ಸುಮ್ಮನಿರಬಾರದು. ತೊಂದರೆ ಇನ್ನೂ ಸಣ್ಣದಿರುವಾಗಲೇ, ಸಿಟ್ಟು ನೆತ್ತಿಗೇರುವ ಮೊದಲೇ ಏನಾದರೂ ಮಾಡಬೇಕು. ಆದರೆ ಒಬ್ಬನನ್ನು ಬೆನ್ನಟ್ಟುವ, ಹಿಡಿಯುವ, ಶಿಕ್ಷಿಸುವ ಹಂತ ಬಂತೆಂದರೆ ಅಲ್ಲಿಂದ ಹಿಂದೆ ಸರಿಯಬೇಕು. ಹಾಗೆ ಸರಿಯುವುದು ಹೇಡಿತನವಲ್ಲ. ಯಾಕೆಂದು ಮುಂದೆ ಬಿಡಿಸಿ ಹೇಳುತ್ತೇನೆ.

ಉಪದ್ರವ ಕೊಡುವವರು ಸಾಮಾನ್ಯವಾಗಿ ನಮಗೆ ಗೊತ್ತಿರುವವರು, ನಾಳೆಯೂ ಅದೇ ಮೆಟ್ಟಿಲ ಮೇಲೆ ಎದುರಾಗುವವರು. ಹಾಗಾಗಿ ಅಲ್ಲಿ ಮಾತು ಕೆಲಸ ಮಾಡುತ್ತದೆ, ಆದರೆ ಮಾತಾಡುವ ಹೊತ್ತು ಮುಖ್ಯ. ರಾತ್ರಿ ಹನ್ನೊಂದಕ್ಕೆ ರೋಸಿಹೋಗಿ ಬಾಗಿಲು ಬಡಿದರೆ ಒಳಗಿರುವವರಿಗೆ ನಿಮ್ಮ ಸಿಟ್ಟು ಕಾಣುತ್ತದೆಯೇ ಹೊರತು ನಿಮ್ಮ ಕಷ್ಟ ಕಾಣುವುದಿಲ್ಲ. ಮಾರನೆಯ ದಿನ, ಬೆಳಗಿನ ಧಾವಂತ ಮುಗಿದ ಮೇಲೆ ಹೋಗಿ. ಒಬ್ಬರೇ ಹೋಗಿ, ಹೆಚ್ಚೆಂದರೆ ಇಬ್ಬರು. ಐದಾರು ಜನ ಹೋದರೆ ಅದು ಮುತ್ತಿಗೆ. ಹೊಸ್ತಿಲಾಚೆ ನಿಲ್ಲಿ, ಒಳಗೆ ನುಗ್ಗಬೇಡಿ. "ನಿಮ್ಮದು ಯಾವಾಗಲೂ ಇದೇ ಗೋಳು" ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. "ನಿನ್ನೆ ರಾತ್ರಿ ಹನ್ನೊಂದರಿಂದ ಒಂದೂವರೆಯವರೆಗೆ ನಿಮ್ಮ ಸ್ಪೀಕರ್ ಸದ್ದು ನಮ್ಮ ಮಲಗುವ ಕೋಣೆಗೆ ಕೇಳಿಸುತ್ತಿತ್ತು. ಅದನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸೋಕೆ ಆಗುತ್ತಾ?" ಎಂದು ಕೇಳಿದರೆ ಅವರ ಕೈಗೆ ಮಾಡಬಹುದಾದ ಒಂದು ಕೆಲಸ ಸಿಗುತ್ತದೆ.

ಆ ಕೆಲಸ ಯಾವುದೆಂದು ನಮಗೆ ಮೊದಲೇ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಸ್ಪೀಕರಿನ ದಪ್ಪ ಸ್ವರ, ಅಂದರೆ ಬೇಸ್, ಗಾಳಿಗಿಂತ ಗೋಡೆ, ನೆಲದ ಮೂಲಕವೇ ಪಕ್ಕದ ಮನೆಗೆ ದಾಟುತ್ತದೆ. ಕೋಣೆಯೊಳಗೆ ಕೂತವರಿಗೆ ಹಾಡು ಮೆಲ್ಲಗೇ ಇದೆ ಅನ್ನಿಸುತ್ತಿರುವಾಗ ಈಚೆ ಎದೆಗೆ ಗುದ್ದಿದಂತೆ ಬರೀ ಢಬಢಬ ಕೇಳುತ್ತಿರುತ್ತದೆ. ಸ್ಪೀಕರನ್ನು ಎರಡು ಮನೆಗೂ ಸೇರಿದ ಗೋಡೆಯಿಂದ ದೂರ ಇಟ್ಟು, ಕೆಳಗೆ ದಪ್ಪ ರಬ್ಬರ್ ಅಥವಾ ಫೋಮ್ ಹಾಕಿ, ಬೇಸ್ ಇಳಿಸಿದರೆ ಹಾಡು ನಿಲ್ಲಿಸದೆಯೇ ಅರ್ಧ ಜಗಳ ತೀರುತ್ತದೆ. ವಾಷಿಂಗ್ ಮಷೀನು ಕುಣಿಯುತ್ತಿದ್ದರೆ ರಬ್ಬರ್ ಹಾಕುವ ಮೊದಲು ನಾಲ್ಕೂ ಕಾಲು ಸಮನಾಗಿ ನೆಲಕ್ಕೆ ತಾಗಿವೆಯೇ ಎಂದು ನೋಡಲು ಹೇಳಿ. ನಾಯಿಯ ವಿಷಯದಲ್ಲಿ ಒಂದನ್ನು ನೆನಪಿಡಿ: ಯಜಮಾನರು ಹೊರಗೆ ಹೋದಾಗಲೇ ಹೆಚ್ಚು ಬೊಗಳುವ ನಾಯಿಗಳಿವೆ, ಅದು ಅವರಿಗೆ ಗೊತ್ತೇ ಇರುವುದಿಲ್ಲ. "ನಮ್ಮ ನಾಯಿ ಬೊಗಳುವುದೇ ಇಲ್ಲ" ಎಂದು ಅವರು ಪ್ರಾಮಾಣಿಕವಾಗಿಯೇ ಹೇಳುತ್ತಿರುತ್ತಾರೆ. ಹತ್ತು ನಿಮಿಷದ ಧ್ವನಿಮುದ್ರಣ ಕೇಳಿಸಿದರೆ ವಾದವೇ ಬೇಕಾಗುವುದಿಲ್ಲ.

ಮಾತಿಗೆ ಬಗ್ಗದಿದ್ದರೆ ದಾಖಲೆ ಶುರು ಮಾಡಬೇಕು. ಒಂದು ನೋಟ್‌ಬುಕ್ ಸಾಕು: ತಾರೀಖು, ಶುರುವಾದ ಹೊತ್ತು, ನಿಂತ ಹೊತ್ತು, ಏನು, ಎಲ್ಲಿಗೆ ಕೇಳಿಸಿತು ಅಥವಾ ಕಾಣಿಸಿತು, ಅದರಿಂದ ಏನಾಯಿತು. ಎರಡು ವಾರ, ಆಗಾಗಲೇ ಬರೆಯಬೇಕು. ತಿಂಗಳ ಕೊನೆಯಲ್ಲಿ ಕೂತು ನೆನಪಿನಿಂದ ತುಂಬಿಸಿದ್ದು ಒಂದೇ ಪೆನ್ನು, ಒಂದೇ ಬರಹದಲ್ಲಿ ಎದ್ದು ಕಾಣುತ್ತದೆ. "ಅಸಹ್ಯ", "ಬೇಕಂತಲೇ" ಎಂಬಂಥ ಮಾತು ಅದರಲ್ಲಿ ಬೇಡ. ಮೊಬೈಲಿನ ಡೆಸಿಬಲ್ ಆ್ಯಪ್ ಅಧಿಕೃತ ಅಳತೆ ಅಲ್ಲ, ಫೋನಿನಿಂದ ಫೋನಿಗೆ ವ್ಯತ್ಯಾಸ ಬರುತ್ತದೆ. ಆದರೆ ಅದೇ ಫೋನನ್ನು ಅದೇ ಜಾಗದಲ್ಲಿಟ್ಟು ಸದ್ದಿರುವಾಗ ಒಮ್ಮೆ, ಇಲ್ಲದಿರುವಾಗ ಒಮ್ಮೆ ಅಳೆದರೆ ಹೋಲಿಕೆಗೆ ಉಪಯೋಗ. ಆಮೇಲೆ ಅವರಿಗೆ ಒಂದು ಪತ್ರ, ನಂತರ ಇಬ್ಬರೂ ಒಪ್ಪುವ ಮಧ್ಯಸ್ಥರು, ಕೊನೆಗೆ ಈ ದಾಖಲೆ ಸಮೇತ ಅಧಿಕೃತ ದೂರು.

ಕೆಡುವುದು ಹೆಚ್ಚಾಗಿ ಮೂರು ಕಡೆ. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರು ಹಾಕಿ ಬರೆದರೆ ಆ ಮನುಷ್ಯನಿಗೆ ಸದ್ದು ಮರೆತುಹೋಗಿ ಮರ್ಯಾದೆ ಪ್ರಶ್ನೆ ಉಳಿಯುತ್ತದೆ. ಹೆಸರಿಲ್ಲದ ಚೀಟಿ ಅಂಟಿಸಿದರೆ ಅವರು ಸುತ್ತಲಿನ ಎಲ್ಲರನ್ನೂ ಶಂಕಿಸಿ, ಕೊನೆಗೆ ಏನೂ ಅರಿಯದವರ ಮೇಲೆ ಹರಿಹಾಯುತ್ತಾರೆ. ಇನ್ನು, ಸೇಡಿಗೆ ನೀವೂ ಸದ್ದು ಮಾಡಿದಿರೋ, ನಾಳೆ ನಿಮ್ಮ ಮೇಲೂ ಅದೇ ದೂರು ಬಂದು ಎರಡೂ ಒಂದಕ್ಕೊಂದು ವಜಾ ಆಗುತ್ತವೆ.

ಈಗ ಕಳ್ಳತನ, ಬೀದಿ ಜಗಳದ ಕಡೆಗೆ ಬರೋಣ. ಜನ ನಿಂತು ನೋಡುತ್ತಾರೆಯೇ ಹೊರತು ಯಾರೂ ಮುಂದೆ ಬರುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. 1964ರಲ್ಲಿ ನ್ಯೂಯಾರ್ಕಿನಲ್ಲಿ ಕಿಟಿ ಜಿನೊವೀಸ್ ಎಂಬ ಯುವತಿಯ ಕೊಲೆಯಾದಾಗ 38 ಜನ ನೋಡುತ್ತಾ ಸುಮ್ಮನಿದ್ದರು ಎಂದು ಪತ್ರಿಕೆ ಬರೆಯಿತು. ಆ ವರದಿ ಬಹಳ ಉತ್ಪ್ರೇಕ್ಷೆಯದು ಎಂಬುದು ಆಮೇಲೆ ಗೊತ್ತಾಯಿತು. ಆದರೆ ಅದರಿಂದ ಹುಟ್ಟಿದ ಸಂಶೋಧನೆ ಗಟ್ಟಿಯಾದದ್ದು. 1968ರಲ್ಲಿ ಡಾರ್ಲಿ ಮತ್ತು ಲಟಾನೆ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದಲ್ಲಿ, ಪಕ್ಕದ ಕೋಣೆಯಲ್ಲಿ ಒಬ್ಬರಿಗೆ ಫಿಟ್ಸ್ ಬಂದಂತೆ ಕೇಳಿಸಿದಾಗ, ಕೇಳಿಸಿಕೊಂಡವರು ತಾವೊಬ್ಬರೇ ಎಂದು ತಿಳಿದಿದ್ದವರಲ್ಲಿ ನೂರಕ್ಕೆ 85 ಮಂದಿ ಅವರ ಸದ್ದು ನಿಲ್ಲುವ ಮೊದಲೇ ಎದ್ದು ಸಹಾಯ ಕೇಳಿದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ತಿಳಿದಿದ್ದವರಲ್ಲಿ ಹಾಗೆ ಎದ್ದವರು ನೂರಕ್ಕೆ 31 ಮಂದಿ ಮಾತ್ರ. ಇದಕ್ಕೆ ಪ್ರತಿಯಾಗಿ ಇತ್ತೀಚಿನ ಇನ್ನೊಂದು ಅಧ್ಯಯನ ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್ ನಗರಗಳ ಸಿಸಿಟಿವಿಯಲ್ಲಿ ದಾಖಲಾದ 219 ಬೀದಿ ಜಗಳಗಳನ್ನು ನೋಡಿತು. ಹತ್ತರಲ್ಲಿ ಒಂಬತ್ತರಲ್ಲಿ ಕನಿಷ್ಠ ಒಬ್ಬರಾದರೂ ನಡುವೆ ಬಂದಿದ್ದರು. ಜನ ಹೆಚ್ಚಿದ್ದಷ್ಟೂ ಯಾರಾದರೂ ಮುಂದೆ ಬರುವ ಸಾಧ್ಯತೆಯೂ ಹೆಚ್ಚಿತ್ತು.

ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮಗೆ ಬೇಕಾದ ಪಾಠ ಸಿಗುತ್ತದೆ. ಏನಾಗುತ್ತಿದೆ ಎಂಬುದು ಸ್ಪಷ್ಟವಾಗಿ ಕಂಡಾಗ ಜನ ಮುಂದೆ ಬರುತ್ತಾರೆ, ಗೊಂದಲವಿದ್ದಾಗ ಇನ್ನೊಬ್ಬರ ಮುಖ ನೋಡುತ್ತಾರೆ. ಆದ್ದರಿಂದ ಗುಂಪಿನಲ್ಲಿ "ಯಾರಾದರೂ ಫೋನ್ ಮಾಡ್ರೀ" ಎಂದು ಕೂಗಿದರೆ ಕೆಲಸ ಆಗುವುದಿಲ್ಲ. "ನೀಲಿ ಶರ್ಟಿನ ಅಣ್ಣ, ನೀವು ಪೊಲೀಸರಿಗೆ ಫೋನ್ ಮಾಡಿ, ಅಮ್ಮಾ, ನೀವು ಇವರ ಪಕ್ಕ ನಿಂತಿರಿ" ಎಂದು ಬೆರಳು ತೋರಿಸಿ ಹೇಳಬೇಕು.

ಹಿಡಿಯುವುದು ಯಾಕೆ ಬೇಡ? ಸಿಕ್ಕಿಬಿದ್ದವನು ವಸ್ತುವಿಗಾಗಿ ಹೋರಾಡುವುದಿಲ್ಲ, ತಪ್ಪಿಸಿಕೊಳ್ಳಲು ಹೋರಾಡುತ್ತಾನೆ. ಅವನ ಜೇಬಿನಲ್ಲಿ ಏನಿದೆ, ಅವನ ಜೊತೆಗಾರ ಎಲ್ಲಿದ್ದಾನೆ ಎಂಬುದು ನಮಗೆ ಗೊತ್ತಿರುವುದಿಲ್ಲ. ಎರಡನೆಯ ಕಾರಣವನ್ನು ಜನ ಯೋಚಿಸುವುದೇ ಇಲ್ಲ. ಓಡಿ ದಣಿದವನನ್ನು, ಅದರಲ್ಲೂ ಕುಡಿದವನನ್ನು, ಮುಖ ಕೆಳಗಾಗಿ ಕೆಡವಿ ಬೆನ್ನ ಮೇಲೆ ಇಬ್ಬರು ಕೂತರೆ ಎದೆ ಹಿಗ್ಗಲು ಜಾಗವಿಲ್ಲದೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಉಸಿರಿಗಾಗಿ ಅವನು ಒದ್ದಾಡುವುದನ್ನು ಕೊಸರಾಟ ಎಂದುಕೊಂಡು ಇನ್ನಷ್ಟು ಒತ್ತುತ್ತಾರೆ. ಒಂದು ಮೊಬೈಲ್ ಉಳಿಸಲು ಹೋದವರು ಕೊಲೆ ಆರೋಪಿಗಳಾಗುವುದು ಹೀಗೆ.

ಕಾನೂನು ಕೊಡುವ ಅವಕಾಶವೂ ಜನ ಅಂದುಕೊಂಡದ್ದಕ್ಕಿಂತ ಬಹಳ ಕಿರಿದು. ಭಾರತದಲ್ಲಿ ಈಗಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನ ಪ್ರಕಾರ, ಘೋಷಿತ ಅಪರಾಧಿಯನ್ನು (ತಲೆಮರೆಸಿಕೊಂಡವನೆಂದು ನ್ಯಾಯಾಲಯ ಸಾರಿದವನನ್ನು) ಬಿಟ್ಟರೆ, ನಿಮ್ಮ ಕಣ್ಣೆದುರಿಗೇ ಜಾಮೀನು ಹಕ್ಕಾಗಿ ಸಿಗದ, ಸಂಜ್ಞೇಯ (ಎಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ) ಅಪರಾಧ ನಡೆದರೆ ಮಾತ್ರ ಹಿಡಿಯಬಹುದು. ಹಿಡಿದವನನ್ನು ತಡಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಸದ್ದು, ಕಸ, ಅಡ್ಡ ನಿಲ್ಲಿಸಿದ ಗಾಡಿ ಇದರಲ್ಲಿ ಬರುವುದೇ ಇಲ್ಲ. ಹಿಡಿದವನಿಗೆ ಶಿಕ್ಷೆಯೆಂದು ಹೊಡೆಯುವ ಹಕ್ಕನ್ನು ಯಾವ ಕಲಮೂ ಕೊಟ್ಟಿಲ್ಲ. ಅಮೆರಿಕದ ಜಾರ್ಜಿಯಾದಲ್ಲಿ 1863ರಿಂದ ನಾಗರಿಕರಿಗೆ ಬಂಧಿಸುವ ಅಧಿಕಾರ ಕೊಟ್ಟ ಕಾನೂನೊಂದಿತ್ತು. 2020ರ ಫೆಬ್ರುವರಿಯಲ್ಲಿ ಅಲ್ಲಿ ಅಹ್ಮಾಡ್ ಆರ್ಬರಿ ಎಂಬ ಕಪ್ಪು ಯುವಕ ಜಾಗಿಂಗ್ ಮಾಡುತ್ತಿದ್ದಾಗ, ಕಳ್ಳನಿರಬೇಕು ಎಂದು ಮೂವರು ಗಾಡಿಗಳಲ್ಲಿ ಬೆನ್ನಟ್ಟಿದರು, ಒಬ್ಬ ಗುಂಡಿಕ್ಕಿ ಕೊಂದ. ಅವನು ಏನನ್ನೂ ಕದ್ದಿರಲಿಲ್ಲ. ಮೂವರೂ ಕೊಲೆ ಅಪರಾಧಿಗಳೆಂದು ತೀರ್ಪಾಯಿತು, 2021ರಲ್ಲಿ ರಾಜ್ಯ ಆ ಕಾನೂನನ್ನೇ ತೆಗೆದುಹಾಕಿತು.

ಹಾಗಾದರೆ ಕಣ್ಣೆದುರು ಕಳ್ಳತನವಾದಾಗ ಏನು ಮಾಡುವುದು? ಒಳ್ಳೆಯ ಸಾಕ್ಷಿಯಾಗುವುದು. ಅದಕ್ಕೂ ಕಸುಬು ಬೇಕು. ಫೋನ್ ಹಚ್ಚಿದಾಗ ಮೊದಲು ಜಾಗ ಹೇಳಿ, ಲೈನ್ ಕಟ್ಟಾದರೂ ಅದೊಂದು ತಲುಪಿರುತ್ತದೆ. ಆಮೇಲೆ ಏನಾಗುತ್ತಿದೆ, ಈಗಲೂ ನಡೆಯುತ್ತಿದೆಯೇ, ಎಷ್ಟು ಜನ, ಆಯುಧವಿದೆಯೇ, ಯಾವ ಕಡೆಗೆ ಹೋದರು. ಗಾಡಿ ನಂಬರನ್ನು ಬಾಯಲ್ಲಿ ಜಪಿಸುತ್ತಾ ಅಂಗೈ ಮೇಲಾದರೂ ಬರೆದುಕೊಳ್ಳಿ. ಅಂಗಿಯನ್ನು ಮುಂದಿನ ತಿರುವಿನಲ್ಲೇ ಬದಲಾಯಿಸಬಹುದು, ಚಪ್ಪಲಿ, ಬೂಟು ಬದಲಾಯಿಸುವವರು ಕಡಿಮೆ, ಅದನ್ನು ನೋಡಿ. ನಡಿಗೆ ನೋಡಿ. ಎತ್ತರವನ್ನು ಅಡಿ ಇಂಚಿನಲ್ಲಿ ಊಹಿಸುವ ಬದಲು "ಗೇಟಿನ ಚಿಲಕ ಅವನ ಎದೆಮಟ್ಟಕ್ಕಿತ್ತು" ಎಂದರೆ ಆಮೇಲೆ ಟೇಪು ಹಿಡಿದು ಅಳೆಯಬಹುದು. ಇದನ್ನೆಲ್ಲ ಅಲ್ಲಿದ್ದ ಬೇರೆಯವರ ಜೊತೆ ಚರ್ಚಿಸುವ ಮುಂಚೆಯೇ ಬರೆದಿಡಬೇಕು. ಇಬ್ಬರು ಮಾತಾಡಿದ ಮೇಲೆ ಒಬ್ಬರ ನೆನಪು ಇನ್ನೊಬ್ಬರದಕ್ಕೆ ಸೇರಿಕೊಳ್ಳುತ್ತದೆ, ಯಾವುದು ಯಾರು ಕಂಡದ್ದು ಎಂದು ಅವರಿಗೇ ತಿಳಿಯುವುದಿಲ್ಲ.

ಸಿಸಿಟಿವಿ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರುವವರು ಬಹಳ. ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ಬರುತ್ತದೆ. ಎಷ್ಟು ದಿನಕ್ಕೆ ಎಂಬುದು ಡಿಸ್ಕಿನ ಗಾತ್ರ ಮತ್ತು ಕ್ಯಾಮೆರಾಗಳ ಸಂಖ್ಯೆಗೆ ಬಿಟ್ಟದ್ದು. ಅದೇ ದಿನ ಪ್ರತಿ ತೆಗೆಯಿರಿ. ಟಿವಿ ಪರದೆಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡರೆ ಸ್ಪಷ್ಟತೆ ಹಾಳು, ಪುರಾವೆಯಾಗಿಯೂ ದುರ್ಬಲ. ಮೂಲ ಫೈಲನ್ನೇ ತೆಗೆಯಬೇಕು. ಕ್ಯಾಮೆರಾದ ಗಡಿಯಾರ ನಿಜವಾದ ಸಮಯಕ್ಕಿಂತ ಎಷ್ಟು ಹಿಂದೆ ಅಥವಾ ಮುಂದಿದೆ ಎಂದು ಆಗಲೇ ಬರೆದಿಡಿ. ಏಳು ನಿಮಿಷ ತಪ್ಪು ತೋರಿಸುವ ಕ್ಯಾಮೆರಾ ನಿರಪರಾಧಿಯೊಬ್ಬನನ್ನು ಸ್ಥಳದಲ್ಲಿ ತಂದು ನಿಲ್ಲಿಸಬಲ್ಲದು.

ಕಳ್ಳನ ಮುಖವನ್ನೇ ನೋಡದೆ ಕಳ್ಳತನ ಇಳಿಸಿದ ಉದಾಹರಣೆಗಳೇ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತವೆ. ಇಂಗ್ಲೆಂಡಿನ ರಾಚ್‌ಡೇಲ್‌ನ ಕರ್ಕ್‌ಹೋಲ್ಟ್ ಬಡಾವಣೆಯಲ್ಲಿ 1980ರ ದಶಕದಲ್ಲಿ ಮನೆಗಳ್ಳತನ ವಿಪರೀತವಿತ್ತು. ಲೆಕ್ಕ ತೆಗೆದು ನೋಡಿದರೆ, ಒಮ್ಮೆ ಕಳ್ಳತನವಾದ ಮನೆಗೇ ಮತ್ತೆ ಮತ್ತೆ ಕನ್ನ ಬೀಳುತ್ತಿತ್ತು. ಕಳ್ಳನಿಗೆ ದಾರಿ ಗೊತ್ತಿರುತ್ತದೆ, ಒಳಗೇನಿದೆ ಎಂದೂ ಗೊತ್ತಿರುತ್ತದೆ. ಜೊತೆಗೆ ಗ್ಯಾಸ್, ವಿದ್ಯುತ್ತಿಗೆ ನಾಣ್ಯ ಹಾಕುವ ಮೀಟರುಗಳು ಮನೆಯೊಳಗೇ ಇದ್ದವು. ಎಂದರೆ ಪ್ರತಿ ಮನೆಯಲ್ಲೂ ನಗದಿನ ಪೆಟ್ಟಿಗೆ. ಆ ಮೀಟರುಗಳನ್ನು ತೆಗೆಸಿದರು. ಕಳ್ಳತನವಾದ ಮನೆಯ ಚಿಲಕ, ಕಿಟಕಿ ಕೂಡಲೇ ಭದ್ರಪಡಿಸಿದರು. ಸುತ್ತಲಿನ ಐದಾರು ಮನೆಯವರನ್ನು ಕೇಳಿಕೊಂಡದ್ದು ಇಷ್ಟೇ: ಆ ಮನೆಯ ಮೇಲೆ ಒಂದು ಕಣ್ಣಿರಲಿ, ವಿಚಿತ್ರವೇನಾದರೂ ಕಂಡರೆ ತಿಳಿಸಿ. ಮೂರು ವರ್ಷದಲ್ಲಿ ಕಳ್ಳತನ ಸುಮಾರು ಮುಕ್ಕಾಲು ಪಾಲು ಇಳಿಯಿತು. ಯಾರೂ ದೊಣ್ಣೆ ಹಿಡಿದು ಗಸ್ತು ತಿರುಗಲಿಲ್ಲ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ 541 ಪಾಳು ನಿವೇಶನಗಳನ್ನು ತೆಗೆದುಕೊಂಡು ಚೀಟಿ ಎತ್ತಿದಂತೆ ವಿಂಗಡಿಸಿ, ಕೆಲವನ್ನು ಹಾಗೇ ಬಿಟ್ಟು ಉಳಿದವುಗಳ ಕಸ ತೆಗೆದರು. ಅವುಗಳಲ್ಲಿ ಕೆಲವಕ್ಕೆ ಹುಲ್ಲು, ನಾಲ್ಕಾರು ಗಿಡ ಹಾಕಿ, ಒಳಹೋಗಲು ದಾರಿ ಬಿಟ್ಟ ಗಿಡ್ಡ ಮರದ ಬೇಲಿಯನ್ನೂ ಕಟ್ಟಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಡುಬಡವರ ಪ್ರದೇಶಗಳಲ್ಲಿ ಬಂದೂಕಿನ ಹಿಂಸೆ ನೂರಕ್ಕೆ 29ರಷ್ಟು ಇಳಿದಿತ್ತು. ಬೇಲಿ ಗಿಡ್ಡವಾಗಿದ್ದುದು ಗಮನಿಸಬೇಕಾದ್ದು. ಎತ್ತರದ ಗೋಡೆ ಕಟ್ಟಿದರೆ ಒಳಗೆ ಅಡಗಲು ಮರೆ ಸಿಗುತ್ತದೆ.

ನೆರೆಹೊರೆಯ ಗುಂಪು ಮಾಡಿಕೊಳ್ಳುವವರಿಗೆ ಒಂದೇ ಮಾತು: ಸಂಶಯ ಬರಬೇಕಾದದ್ದು ಕೆಲಸದ ಮೇಲೆ, ಮುಖದ ಮೇಲಲ್ಲ. "ಅಪರಿಚಿತನೊಬ್ಬ ತಿರುಗುತ್ತಿದ್ದಾನೆ" ಎಂಬುದು ಮಾಹಿತಿಯಲ್ಲ. "ಮೂರು ಗಾಡಿಗಳ ಬಾಗಿಲು ಎಳೆದು ನೋಡಿದ, 4.20ಕ್ಕೆ, ಪೊಲೀಸರಿಗೆ ತಿಳಿಸಲಾಗಿದೆ" ಎಂಬುದು ಮಾಹಿತಿ. ಮುಖದ ಫೋಟೊ ಹಂಚಲೇಬೇಡಿ, ಅದನ್ನು ಪೊಲೀಸರಿಗೆ ಕೊಡಿ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸಂದೇಶಗಳಿಂದ ಅಮಾಯಕರು ಬೀದಿಯಲ್ಲೇ ಕೊಲೆಯಾದ ಮೇಲೆ, 2018ರಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವಂತೆ ಮಿತಿ ಹಾಕಬೇಕಾಯಿತು.

ಇನ್ನೊಂದು ಸದ್ದಿದೆ, ಅದನ್ನು ಉಪದ್ರವದ ಪಟ್ಟಿಗೆ ಸೇರಿಸಬಾರದು. ಪಕ್ಕದ ಮನೆಯಲ್ಲಿ ಹೆಣ್ಣುಮಗಳಿಗೆ ಹೊಡೆಯುತ್ತಿರುವ ಸದ್ದು. 2008ರಲ್ಲಿ ಬ್ರೇಕ್‌ಥ್ರೂ ಸಂಸ್ಥೆ ಶುರು ಮಾಡಿದ "ಬೆಲ್ ಬಜಾವೋ" ಆಂದೋಲನ ಹೇಳಿದ್ದು ಸರಳ: ಹೋಗಿ ಕರೆಗಂಟೆ ಒತ್ತಿ. ಏನಾದರೂ ಸಣ್ಣ ನೆಪ ಸಾಕು. ಹೊಡೆಯುತ್ತಿದ್ದ ಕೈ ಆ ಕ್ಷಣಕ್ಕೆ ನಿಲ್ಲುತ್ತದೆ, ಹೊರಗೆ ಕೇಳಿಸುತ್ತಿದೆ ಎಂದು ಅವನಿಗೆ ತಿಳಿಯುತ್ತದೆ. ಇಬ್ಬರು ಹೋಗಿ, ಒಬ್ಬರು ಫೋನ್ ಕೈಯಲ್ಲಿ ಹಿಡಿದಿರಲಿ. ಬಾಗಿಲಲ್ಲಿ ಬುದ್ಧಿ ಹೇಳಬೇಡಿ, "ಆಕೆ ಹೇಳಿದಳು" ಎಂಬ ಸುಳಿವಂತೂ ಬೇಡವೇ ಬೇಡ, ಅದರ ಬೆಲೆಯನ್ನು ನೀವು ಹೋದ ಮೇಲೆ ಆಕೆ ತೆರುತ್ತಾಳೆ. ಜೀವಕ್ಕೆ ಅಪಾಯವೆನಿಸಿದರೆ ಗಂಟೆ ಒತ್ತುವ ಮೊದಲೇ ಪೊಲೀಸರಿಗೆ ಫೋನ್ ಮಾಡಿ. ಮಾರನೆಯ ದಿನ ಆಕೆ ಒಬ್ಬಳೇ ಸಿಕ್ಕಾಗ ಮಾತಾಡಿ. ಸಹಾಯವಾಣಿಯ ನಂಬರನ್ನು ಮೆಸೇಜು ಮಾಡಬೇಡಿ, ಅವಳ ಫೋನನ್ನು ಅವನು ನೋಡುತ್ತಿರಬಹುದು. ಬಾಯಲ್ಲಿ ಹೇಳಿ, ನೆನಪಿಟ್ಟುಕೊಳ್ಳುವಂತೆ ಎರಡು ಸಲ ಹೇಳಿ. ಮನೆ ಬಿಟ್ಟು ಬಾ ಎಂದು ಒತ್ತಾಯಿಸಬೇಡಿ, ಬಿಟ್ಟು ಹೊರಡುವ ಹೊತ್ತೇ ಅತ್ಯಂತ ಅಪಾಯದ್ದು. ಬೇಕಾದಾಗ ಯಾವ ಹೊತ್ತಿನಲ್ಲಾದರೂ ನಮ್ಮ ಬಾಗಿಲು ತಟ್ಟಬಹುದು ಎಂದು ತಿಳಿಸಿ. ದಾಖಲೆ ಪತ್ರಗಳ ಪ್ರತಿಗಳನ್ನು ಇಟ್ಟುಕೊಳ್ಳಲು ಆಕೆ ಕೇಳಿದರೆ ಇಟ್ಟುಕೊಳ್ಳಿ, ಯಾರಿಗೂ ಹೇಳಬೇಡಿ.